ಏಳು ದಿನ ಸಾಕು ಎಂದು ಬರೆದವರಿಗೆ

ಬೆಟಗೇರಿ ಅಂಗಳ, ಗದಗ
ಫೆಬ್ರವರಿ ೩೦, ೨೧೮೭

ಮಾನ್ಯ ಯಶೋಧರ ಅವರೇ,

ತಾರೀಖು ನೋಡಿ ನಗಬೇಡಿ. ತಿಂಗಳುಗಳನ್ನೆಲ್ಲ ಸರಿಸಮ ಮಾಡಿದ ಮೇಲೆ ಫೆಬ್ರವರಿಗೂ ಮೂವತ್ತು ದಿನ ಸಿಕ್ಕಿವೆ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು. ನೂರಾ ಅರವತ್ತು ವರ್ಷ ಹಿಂದಕ್ಕೆ ಪತ್ರ ಬರೆದು ನನಗೆ ರೂಢಿಯಿಲ್ಲ, ಕ್ಷಮಿಸಿ. ನಾನು ಫಕೀರವ್ವ, ಬೆಟಗೇರಿಯ ಅಂಗಳಗಿತ್ತಿ.

ಅಂಗಳ ಎಂದರೆ ನಿಮ್ಮ ಕಾಲದ ಸರ್ವರ್. ಹಳೆಯ ನೇಕಾರರ ಸಂಘದ ಕೋಣೆಯಲ್ಲಿ, ಹಿಟ್ಟಿನ ಡಬ್ಬಿಯಷ್ಟು ದೊಡ್ಡದೊಂದು ಯಂತ್ರ. ಇಲ್ಲಿನ ಸಾವಿರದ ಇನ್ನೂರು ಜನರ ಹರಟೆ, ಮದುವೆಯ ಕರೆ, ಜಗಳ, ಕಾಯಿಪಲ್ಲೆಯ ಸುದ್ದಿ ಎಲ್ಲ ಅದರೊಳಗೆ ಇರುತ್ತದೆ. ನಿಮ್ಮ ಕಾಲದಲ್ಲಿ ಲೋಕದ ಮಾತನ್ನೆಲ್ಲ ನಾಲ್ಕೈದು ಕಂಪನಿಗಳು ಇಟ್ಟುಕೊಂಡಿದ್ದವಂತೆ. ನಮ್ಮಲ್ಲಿ ಊರಿಗೊಂದು, ದೊಡ್ಡ ಊರಾದರೆ ಓಣಿಗೊಂದು ಅಂಗಳ. ಪ್ರತಿ ಅಂಗಳಕ್ಕೂ ಅದರದೇ ಕಟ್ಟಳೆ, ಆದರೆ ಯಂತ್ರಗಳು ತಮ್ಮತಮ್ಮಲ್ಲಿ ಆಡುವ ಭಾಷೆ ಒಂದೇ. ಹಾಗಾಗಿ ಬೆಟಗೇರಿಯಲ್ಲಿ ಕೂತು ಅಂಕೋಲೆಯವರೊಡನೆ ಮಾತಾಡಬಹುದು. ಅಂಗಳಗಿತ್ತಿ ಸರಿಯಿಲ್ಲ ಅನ್ನಿಸಿದರೆ ಗಂಟುಮೂಟೆ ಕಟ್ಟಿ ಬೇರೆ ಅಂಗಳಕ್ಕೆ ಹೋಗಬಹುದು, ಬಳಗದವರ ಮಾತುಕತೆ ತಾನಾಗಿಯೇ ಅಲ್ಲಿಗೆ ಹೊರಳುತ್ತದೆ. ನನ್ನ ಬಾಯಿಗೆ ಹೆದರಿ ಮೂವತ್ತು ಮನೆಯವರು ಹಾಗೆ ಹೋಗಿದ್ದಾರೆ, ಸುಳ್ಳೇಕೆ ಹೇಳಲಿ.

ನನ್ನ ಅಕ್ಕ ಹೇಮವ್ವ ಉಪ್ಪಿನ ಗದ್ದೆಯ ಕೆಲಸಕ್ಕೆಂದು ಅಂಕೋಲೆಗೆ ಹೋಗಿ ಅಲ್ಲೇ ನಿಂತವಳು. ಕಿವಿಗಿಟ್ಟು ಮಾತಾಡುವ ನಿಮ್ಮ ಫೋನು ನಮ್ಮಲ್ಲಿಲ್ಲ, ಇಬ್ಬರ ನಡುವೆ ಇದ್ದದ್ದು ಅಂಗಳದ ದಾರಿಯೊಂದೇ. ದಿನಾ ಸಂಜೆ ಅವಳ ಧ್ವನಿ ಬರುತ್ತಿತ್ತು. ಏನು ಉಂಡೆ, ಮೊಣಕಾಲು ಹೇಗಿದೆ, ಜನರ ಮೇಲೆ ಯಾಕೆ ಅಷ್ಟು ಹರಿಹಾಯುತ್ತೀ. ಹಿರಿಯಳೆಂಬ ಗತ್ತು ಎಪ್ಪತ್ತು ದಾಟಿದರೂ ಇಳಿದಿರಲಿಲ್ಲ.

ಕಳೆದ ಮಳೆಗಾಲದ ಕೊನೆಗೆ ಅಂಕೋಲೆಯ ಒಬ್ಬ ಮಹಾಶಯ ಮೀನಿನ ಹರಾಜಿನ ಕೂಗನ್ನು ಎಲ್ಲ ಅಂಗಳಗಳಿಗೂ ಹರಿಯಬಿಟ್ಟ. ಜೋಳದ ರೊಟ್ಟಿಯ ನಮ್ಮೂರಿಗೆ ಬೆಳಗಿನ ಐದಕ್ಕೇ ಬಂಗುಡೆ, ತೋರಿ! ಜನ ನನ್ನ ತಲೆ ತಿಂದರು. ಅವನೊಬ್ಬನ ಕೂಗನ್ನು ತಡೆಯುವ ಗುಂಡಿ ಇತ್ತು. ಅದನ್ನು ಒತ್ತಿದ್ದರೆ ಮುಗಿಯುತ್ತಿತ್ತು. ನಾನು ಸಿಟ್ಟಿನಲ್ಲಿ ಇಡೀ ಅಂಕೋಲೆಗೇ ಬಾಗಿಲು ಹಾಕಿದೆ. ಅದಕ್ಕೂ ಒಂದು ಕಾರಣವಿತ್ತು. ಹಿಂದಿನ ದಿನ ಅಕ್ಕ ಎಲ್ಲರೆದುರು, "ನಮ್ಮ ಫಕೀರಿಗೆ ಮೂಗಿನ ತುದಿಯಾಗ ಸಿಟ್ಟು, ಮೀನಿನ ವಾಸನಿ ಹತ್ತೂದರಾಗ ಏನ ತಪ್ಪೈತಿ?" ಎಂದು ನಕ್ಕಿದ್ದಳು. ಓಣಿಯೆಲ್ಲ ನಕ್ಕಿತು. ಅವಳೇ ಹುಬ್ಬಳ್ಳಿ ಅಂಗಳದವರ ಕೈಯಲ್ಲಿ ಹೇಳಿಕಳಿಸಲಿ, ಆಮೇಲೆ ತೆರೆಯೋಣ ಎಂದು ಬೀಗುತ್ತ ಕೂತೆ.

ಅಕ್ಕ ಹುಬ್ಬಳ್ಳಿಯವರನ್ನು ಕೇಳಲಿಲ್ಲ. ತಂಗಿ ಎಷ್ಟು ದಿನ ಮುನಿಸಿಕೊಂಡಾಳು ಎಂದುಕೊಂಡಳೋ ಏನೋ, ನಾಲ್ಕನೆಯ ದಿನ ತನ್ನ ಧ್ವನಿಯನ್ನು ನೇರ ನನಗೇ ಕಳಿಸಿದಳು. ಮುಚ್ಚಿದ ಬಾಗಿಲಿಗೆ ಬಂದ ಮಾತು ಒಮ್ಮೆಗೇ ಹಿಂದಿರುಗುವುದಿಲ್ಲ. ಕಳಿಸಿದ ಯಂತ್ರ ಬಿಟ್ಟು ಬಿಟ್ಟು ಬಾಗಿಲು ತಟ್ಟುತ್ತದೆ, ಏಳು ದಿನವಾದ ಮೇಲೆ ಕೈಬಿಡುತ್ತದೆ. ಅದು ಕೈಬಿಟ್ಟ ದಿನವೇ ಅಕ್ಕ ತೀರಿಕೊಂಡಳು. ಯಂತ್ರದಲ್ಲಿ ಸತ್ತವರ ಮಾತುಗಳಿರುವ ಪೆಟ್ಟಿಗೆಯನ್ನು ಹನ್ನೊಂದನೆಯ ದಿನ ಅಳಿಸುವುದು ನಮ್ಮ ಪದ್ಧತಿ, ಅವರ ಗುಟ್ಟು ಅವರೊಡನೆ ಹೋಗಲಿ ಎಂದು. ಅಕ್ಕನದನ್ನೂ ಅಳಿಸಿದರು. ಸಾವಿನ ಸುದ್ದಿ ಗೊತ್ತಿದ್ದೂ ನಾನು ಮುನಿಸಿನಿಂದ ಬರಲಿಲ್ಲವೆಂದು ಅಲ್ಲಿಯವರು ತಿಳಿದರು. ಸುದ್ದಿ ಹುಬ್ಬಳ್ಳಿ ಸುತ್ತಿ ನನ್ನನ್ನು ಮುಟ್ಟುವಾಗ ಬಾಗಿಲು ಹಾಕಿ ಇಪ್ಪತ್ತೈದು ದಿನವಾಗಿತ್ತು.

ಆ ಕ್ಷಣವೇ ತೆರೆದೆ. ಅಂಕೋಲೆಯ ಅಂಗಳ ನೋಡಿಕೊಳ್ಳುವ ಹಮ್ಮಣ್ಣ ಪಾಪ, ಯಂತ್ರ ದಿನದಿನದ್ದು ಬರೆದಿಡುವ ರೋಜು ಪುಸ್ತಕವನ್ನೆಲ್ಲ ಜಾಲಾಡಿದ. "ತಟ್ಟಿದ್ದು ಬರ್ಕಂಡದೆ ಅಕ್ಕಾ, ಹೇಳಿದ್ದು ಉಳೀಲಿಲ್ಲ" ಎಂದ. ಅಕ್ಕನ ಮಾತು ನಲವತ್ತೊಂದು ಸಲ ನನ್ನ ಬಾಗಿಲು ತಟ್ಟಿತ್ತು. ಒಂದೇ ಧ್ವನಿ, ನಾಲ್ಕು ನಿಮಿಷದ್ದು. ಅಕ್ಕ ಎಂದೂ ಒಂದು ನಿಮಿಷಕ್ಕಿಂತ ಹೆಚ್ಚು ಮಾತಾಡಿದವಳಲ್ಲ.

ಆಮೇಲೆಯೇ ನಾನು ಅಂಗಳಗಳನ್ನು ನಡೆಸುವ ಈ ತಂತ್ರಾಂಶವನ್ನು ತೆರೆದು ಓದಿದ್ದು. ಇದು ಯಾರ ಸೊತ್ತೂ ಅಲ್ಲ, ಯಾರು ಬೇಕಾದರೂ ಓದಬಹುದು, ತಿದ್ದಬಹುದು ಎಂದು ಹೊಸ ಹುಡುಗಿಯರಿಗೆ ಮೂವತ್ತು ವರ್ಷ ಪಾಠ ಹೇಳಿದವಳು ನಾನು. ಯಾರಾದರೂ ಓದಿರುತ್ತಾರೆ ಅಂದುಕೊಂಡಿದ್ದೆ. ಎಲ್ಲರೂ ಹಾಗೇ ಅಂದುಕೊಂಡಿದ್ದರು. ಏಳು ಎಂಬ ಅಂಕಿಯ ಪಕ್ಕದಲ್ಲಿ ನಿಮ್ಮ ಹೆಸರಿತ್ತು, ಕೆಳಗೆ ನೀವು ಬರೆದ ಟಿಪ್ಪಣಿ: "ಏಳು ದಿನ ಸಾಕು. ಅಷ್ಟರೊಳಗೆ ತೆರೆಯದವರು ಮುಂದೆಯೂ ತೆರೆಯುವುದಿಲ್ಲ."

ನಿಮ್ಮನ್ನು ಬೈಯಲು ಬರೆದದ್ದಲ್ಲ. ಬಾಗಿಲು ಹಾಕಿದ ಕೈ ನನ್ನದು. ಅಂಕಿಯನ್ನು ಎಪ್ಪತ್ತು ಮಾಡಿ, ತಿದ್ದುಪಡಿಯನ್ನು ಎಲ್ಲ ಅಂಗಳಗಳಿಗೂ ಕಳಿಸಿದ್ದೇನೆ. ಹೀಗೇ ಮಾಡಿ ಎಂದು ಅಪ್ಪಣೆ ಕೊಡುವವರು ನಮ್ಮಲ್ಲಿ ಯಾರೂ ಇಲ್ಲ. ಅಂಕೋಲೆ ಒಪ್ಪಿದೆ, ಹುಬ್ಬಳ್ಳಿ ಒಪ್ಪಿದೆ, ಉಳಿದವರು ಇನ್ನೂ ಚರ್ಚಿಸುತ್ತಿದ್ದಾರೆ. ಈಗಲೂ ಸಂಜೆಯಾದರೆ ಯಂತ್ರದ ಮುಂದೆ ಹೋಗಿ ಕೂರುತ್ತೇನೆ. ಆ ನಾಲ್ಕು ನಿಮಿಷ ಅವಳು ಬರೀ ಬೈದಿದ್ದರೂ ಸರಿ, ನನಗೆ ಅದು ಬೇಕು.

ಈ ಪತ್ರ ನಿಮ್ಮನ್ನು ಮುಟ್ಟುವುದಿಲ್ಲವೆಂದು ಬಲ್ಲೆ. ಮುಟ್ಟಿದರೆ ಒಂದೇ ಕೋರಿಕೆ. ಅಂಕಿ ಎಷ್ಟಾದರೂ ಇರಲಿ, ಟಿಪ್ಪಣಿಯ ಎರಡನೆಯ ವಾಕ್ಯವನ್ನು ಅಳಿಸಿಬಿಡಿ. ಅದು ನಿಜವಲ್ಲ. ನಾನು ತೆರೆದೆ.

ಹೇಮವ್ವನ ತಂಗಿ,
ಫಕೀರವ್ವ