ಅತ್ತೆಯ ಸಾಕ್ಷಿ

ಮಂಗಳವಾರ, ಜುಲೈ 9

ಪ್ರೀತಿಯ ಅಣ್ಣನಿಗೆ,

ನಿನ್ನ ತಂಗಿಯ ನಮಸ್ಕಾರಗಳು. ಅತ್ತೆ, ಮಾವ, ನಾನು ಮೂವರೂ ಇಲ್ಲಿ ಚೆನ್ನಾಗಿದ್ದೇವೆ. ನೀನೂ ಹಾಗೆಯೇ ಇದ್ದೀಯೆಂದು ನಂಬಿದ್ದೇನೆ ಎಂದು ಮುಂದಿನ ಸಾಲು ಬರೆಯುವುದು ರೂಢಿ. ಆದರೆ ಚೆನ್ನಾಗಿಲ್ಲವೆಂದು ನೀನೇ ಬರೆದಿರುವಾಗ ಆ ಸಾಲು ಬರೆಯಲು ಕೈ ಏಳಲಿಲ್ಲ.

ಉತ್ತರ ತಡವಾಯಿತು, ಬೈದುಕೊಂಡಿರುತ್ತೀಯ. ಸೋಮಾರಿತನದಿಂದಲ್ಲ. ನೀನು ಕೇಳಿದ ಪ್ರಶ್ನೆಗೆ ಕುಳಿತಲ್ಲೇ ಉತ್ತರ ಬರೆದುಬಿಡುವ ಹಾಗಿರಲಿಲ್ಲ. ‘ಪ್ರತಿ ಭಾನುವಾರ ಪ್ರಸಂಗಪೀಠದಲ್ಲಿ ನಿಂತು ಸಂತೋಷದ ಬಗ್ಗೆ ಮಾತನಾಡುತ್ತೇನೆ, ಒಳಗೆ ಮಾತ್ರ ಸಾಮಾನು ಸಾಗಿಸಿದ ಮನೆಯಂತಿದೆ, ಇದು ಯಾವಾಗ ಶುರುವಾಯಿತೋ ನೆನಪೇ ಇಲ್ಲ, ತಿಂಗಳ ಕೊನೆಗೆ ಸಭೆಯ ಹಿರಿಯರಿಗೆ ಹೇಳಿ ಪಾಸ್ಟರ್ ಕೆಲಸ ಬಿಟ್ಟುಬಿಡುತ್ತೇನೆ’ ಎಂದು ಬರೆದಿದ್ದೀಯ. ಅದರ ಕೆಳಗೆ ಅತ್ತೆಯ ವಿಷಯ. ‘ಅವರು ಯಾವಾಗಲೂ ನಗುತ್ತಾ ಇರುತ್ತಾರಲ್ಲ, ಅದು ನಿಜವೋ ನಾಟಕವೋ? ನೀನು ಒಂದೇ ಮನೆಯಲ್ಲಿದ್ದು ನೋಡುತ್ತಿರುವವಳು. ನಾಟಕವಾದರೆ ಮುಚ್ಚಿಡಬೇಡ. ನನಗೆ ಬಿಡುವುದು ಸುಲಭವಾಗುತ್ತದೆ.’

ಇಂಥ ಪ್ರಶ್ನೆ ಕೇಳಿ ನೀನು ನನ್ನನ್ನು ಪತ್ತೇದಾರಿಣಿಯನ್ನಾಗಿ ಮಾಡಿಬಿಟ್ಟೆ. ಹೆಚ್ಚು ಮಾತನಾಡದ ನನಗೆ ಹೊಂದುವ ಕೆಲಸವೇ. ಅಮ್ಮ ಹೋದ ಮೇಲೆ ಅಪ್ಪನ ತಂಗಿಯ ಮನೆಯೆಂದು ಇಲ್ಲಿಗೆ ಬಂದವಳು ಇದುವರೆಗೆ ಅತ್ತೆಯನ್ನು ಬರೀ ಪ್ರೀತಿಸುತ್ತಿದ್ದೆ. ನಿನ್ನ ಪತ್ರ ಬಂದ ಮೇಲೆ ಗಮನಿಸತೊಡಗಿದೆ.

ಮನೆ ನಿನಗೆ ಗೊತ್ತಿರುವುದೇ. ಬೀಗ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಬೆಳಗಿನಿಂದ ಕೆಳಗೆ ಅರದ ಸದ್ದು. ಮಾವನ ಕುರ್ಚಿ ಈಗ ಕಿಟಕಿಯ ಪಕ್ಕಕ್ಕೆ ಬಂದಿದೆ. ಪಾರ್ಶ್ವವಾಯು ಹೊಡೆದ ಮೇಲೆ ಅವರ ಬಲಗೈ ಮಡಿಲಲ್ಲೇ ಇರುತ್ತದೆ. ಬಾಯಲ್ಲಿ ಉಳಿದಿರುವುದು ಒಂದೇ ಮಾತು, ‘ಸರಿ.’ ಹಸಿವಾದರೂ ಸರಿ, ನೋವಾದರೂ ಸರಿ, ಸಿಟ್ಟು ಬಂದರೂ ಸರಿ. ಧಾಟಿ ಕೇಳಿ ಅರ್ಥ ಮಾಡಿಕೊಳ್ಳಬೇಕು. ಚರ್ಚಿನ ಗಾಯಕವೃಂದದಲ್ಲಿ ಕಿಟಕಿ ಗಾಜು ನಡುಗುವ ಹಾಗೆ ಹಾಡುತ್ತಿದ್ದ ಮನುಷ್ಯ.

ಬೆಳಿಗ್ಗೆ ಅತ್ತೆ ಮಾವನ ಗಡ್ಡ ತೆಗೆಯುತ್ತಾರೆ. ಕೆನ್ನೆಗೆ ಸೋಪಿನ ನೊರೆ ಹಚ್ಚಿ, ಮೂಗು ಹಿಡಿದೆತ್ತಿ, ಜೊತೆಗೆ ಮಾತು.

“ಏನ್ರೀ, ಇವತ್ತು ಕೆಲಸಕ್ಕೆ ನಿಮ್ಮ ಒಳ್ಳೇ ಶಾಲು ಹೊದ್ಕೊಂಡು ಹೋಗ್ಲಾ?”

“ಸರಿ.”

“ನೋಡೇ, ಮದುವೆಯಾಗಿ ಇಷ್ಟು ವರ್ಷ ಒಂದಕ್ಕೂ ಒಪ್ಪದೇ ಇದ್ದೋರು ಈಗ ಎಲ್ಲದಕ್ಕೂ ಸರಿ. ದೇವರು ನನ್ನ ಪ್ರಾರ್ಥನೆ ಕೇಳಿದ, ಆದ್ರೆ ಸ್ವಲ್ಪ ಜಾಸ್ತೀನೇ ಕೇಳಿಸ್ಕೊಂಡ.”

ಮಾವ ಆಗ ಹೇಳುವ ‘ಸರಿ’ ಬೈಗುಳ. ಅವರ ಬಾಯಿಯ ಎಡಗಡೆ ಮಾತ್ರ ನಗುತ್ತದೆ. ಅತ್ತೆ ನೊರೆಯ ಕೈಯಲ್ಲೇ ಅದನ್ನು ಮುಟ್ಟಿ ನೋಡುತ್ತಾರೆ.

ಇದನ್ನು ನಾಟಕವೆನ್ನುವುದು ಹೇಗೆ ಎಂದುಕೊಂಡೆ. ಆದರೆ ಅದು ನಾನು ಎದುರಿಗಿರುವಾಗ. ಯಾರೂ ನೋಡದಿರುವಾಗ ಅತ್ತೆ ಹೇಗಿರುತ್ತಾರೆ ಎಂಬುದು ತಾನೇ ನಿನ್ನ ಪ್ರಶ್ನೆ.

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅತ್ತೆಯ ಜೊತೆಗೇ ನನಗೂ ತಾತ್ಕಾಲಿಕ ಕೆಲಸ ಸಿಕ್ಕಿದೆ ಎಂದು ಹಿಂದೆಯೇ ಬರೆದಿದ್ದೆ. ಅಲ್ಲಿ ಹಬೆ, ಯಂತ್ರದ ಗುಡುಗು, ಬಿಸಿ ಹತ್ತಿಯ ವಾಸನೆ. ದೊಡ್ಡ ಚಾದರಗಳನ್ನು ಮಡಿಸಲು ಇಬ್ಬರು ಬೇಕು. ಆಚೆ ತುದಿ ಅತ್ತೆ, ಈಚೆ ತುದಿ ನಾನು. ಜಗ್ಗಿ, ಕೊಡವಿ, ಒಬ್ಬರ ಕಡೆಗೊಬ್ಬರು ನಡೆದು ಬಂದು ತುದಿಗೆ ತುದಿ ಸೇರಿಸುತ್ತೇವೆ. ನಡುವೆ ಅತ್ತೆಯ ಹಾಡು. ಅವರಿಗೆ ಹಾಡಲು ಬರುವುದಿಲ್ಲ, ಅದು ಅವರಿಗೂ ಗೊತ್ತು. ಇಸ್ತ್ರಿ ಯಂತ್ರದವಳು ಅವರಿಗಿಟ್ಟ ಹೆಸರು ರೇಡಿಯೋ.

“ಏನ್ ರೇಡಿಯೋ, ಇವತ್ತೂ ಸ್ಟೇಷನ್ ಸಿಗಲಿಲ್ವಾ?”

“ಸಿಕ್ಕಿದೆ ಕಣೆ, ನಿನ್ನ ಕಿವೀಲೇ ಗಾಳಿ ಜಾಸ್ತಿ.”

ಕಳೆದ ಶನಿವಾರ ಮಧ್ಯಾಹ್ನದ ಬಿಡುವಿನಲ್ಲಿ ಅತ್ತೆ ಕಾಣಲಿಲ್ಲ. ಚಹಾ ಆರುತ್ತದೆಂದು ಹುಡುಕಿಕೊಂಡು ಹೋದೆ. ಮೂಲೆಯಲ್ಲಿ ಹರಿದ ಬಟ್ಟೆ ಹಾಕುವ ಕೋಣೆಯಿದೆ. ಬಾಗಿಲು ಸ್ವಲ್ಪ ತೆರೆದಿತ್ತು. ಅತ್ತೆ ಚಾದರಗಳ ರಾಶಿಯ ಮೇಲೆ ಕುಳಿತು, ಒಂದನ್ನು ಮುಖಕ್ಕೆ ಒತ್ತಿಕೊಂಡು ಅಳುತ್ತಿದ್ದರು. ಕಣ್ಣಂಚು ಒರೆಸಿಕೊಳ್ಳುವ ಅಳುವಲ್ಲ ಅಣ್ಣ. ಬೆನ್ನು ಪೂರ್ತಿ ಅಲುಗುತ್ತಿತ್ತು. ನಾನು ಸದ್ದಾಗದಂತೆ ಹಿಂದಕ್ಕೆ ಸರಿದೆ. ಸ್ವಲ್ಪ ಹೊತ್ತಿಗೆ ಅವರು ಮುಖ ತೊಳೆದು ಬಂದು, ಚಾದರದ ತುದಿ ಹಿಡಿದು, ಎಂದಿನ ಅಪಸ್ವರದಲ್ಲಿ ಶುರುಮಾಡಿದರು. ಇಸ್ತ್ರಿಯವಳು ನಕ್ಕಳು. ಅತ್ತೆಯೂ ನಕ್ಕರು.

ಆ ದಿನವೇ ನಿನಗೆ ಒಂದು ಪತ್ರ ಬರೆದೆ. ‘ನಾಟಕ, ಅಣ್ಣ’ ಎಂದೇ ಮೊದಲ ಸಾಲು. ಒಳ್ಳೆಯ ನಾಟಕ, ಎಲ್ಲರ ಮೇಲಿನ ಪ್ರೀತಿಗಾಗಿ ಆಡುವ ನಾಟಕ, ಆದರೂ ನಾಟಕವೇ ಎಂದು ಬರೆದಿದ್ದೆ. ಲಕೋಟೆಗೆ ಹಾಕಿ ಅಂಟಿಸಿಯೂ ಆಗಿತ್ತು. ಮರುದಿನ ಭಾನುವಾರ, ಅಂಚೆಯಿಲ್ಲ. ಅದೊಂದು ಕಾರಣಕ್ಕೆ ಆ ಪತ್ರ ನಿನಗೆ ತಲುಪಲಿಲ್ಲ.

ಆ ಭಾನುವಾರ ಸಂಜೆ ಚರ್ಚಿನ ಹಿಂದಿನ ಕೋಣೆಯಲ್ಲಿ ಪ್ರಾರ್ಥನಾ ಕೂಟ. ನಡೆಸುವವರು ನಿವೃತ್ತ ಮೇಷ್ಟ್ರು, ಸಭೆಯ ಹಿರಿಯರು. ಈ ಸಲದ ವಿಷಯ ಏನಿರಬೇಕು ಹೇಳು? ‘ಎಂದೂ ಕುಂದದ ಸಂತೋಷ.’ ಮೇಷ್ಟ್ರು ವಾರದ ಹಿಂದೆಯೇ ಮನೆಗೆ ಬಂದು, “ಅಕ್ಕಾವ್ರೇ, ಈ ಸಲ ನೀವೇ ಸಾಕ್ಷಿ ಹೇಳ್ಬೇಕು,” ಎಂದಿದ್ದರು. ದೇವರು ತನ್ನ ಬಾಳಿನಲ್ಲಿ ಮಾಡಿದ್ದನ್ನು ಸಭೆಗೆ ಹೇಳುವ ಸಾಕ್ಷಿಯಿದು ಎಂದು ಮೆಟ್ಟಿಲ ಕೆಳಗೆ ನಿಂತಿದ್ದ ಬೀಗದ ಅಂಗಡಿಯವನಿಗೆ ಏನು ಗೊತ್ತು, ಅವನಿಗೆ ಆ ಒಂದು ಮಾತಷ್ಟೇ ಕೇಳಿಸಿತ್ತು. ಅವರು ಹೋದ ಮೇಲೆ ಗಾಬರಿಯಿಂದ ಬಂದು, “ಅಮ್ಮಾ, ಯಾವ ಕೇಸು? ನಮ್ಮನೇಲಿ ಒಳ್ಳೇ ಲಾಯರ್ ಇದ್ದಾನೆ,” ಎಂದ. ಅತ್ತೆ ನಕ್ಕು ನಕ್ಕು ಮೆಟ್ಟಿಲ ಮೇಲೇ ಕುಳಿತುಬಿಟ್ಟಿದ್ದರು.

ಕೂಟದಲ್ಲಿ ಮಾವನ ಗಾಲಿಕುರ್ಚಿಯನ್ನು ಮುಂದಿನ ಸಾಲಿನ ತುದಿಯಲ್ಲಿ ನಿಲ್ಲಿಸಿದ್ದೆವು. ನಾನು ಕಂಬದ ಮರೆಯಲ್ಲಿದ್ದೆ. ಅತ್ತೆ ಎದ್ದು ನಿಂತರು. ಕೈಯಲ್ಲಿ ಸೀರೆಯ ಸೆರಗು ಸುತ್ತುತ್ತಾ ಬಿಚ್ಚುತ್ತಾ ಇದ್ದರು. ಅವರಿಗೆ ಸಭಾಕಂಪವಿದೆಯೆಂದು ನನಗೆ ಅಂದೇ ಗೊತ್ತಾದದ್ದು. ಮೇಷ್ಟ್ರು ಪಾಠ ಕೇಳುವ ಧಾಟಿಯಲ್ಲಿ ನೆರವಿಗೆ ಬಂದರು.

“ಹೇಳಿ ಅಕ್ಕಾವ್ರೇ. ಯಜಮಾನ್ರಿಗೆ ಹೀಗಾಯ್ತು. ಆದ್ರೂ ನಿಮ್ಮ ಸಂತೋಷ ಕಡಿಮೆ ಆಗಲಿಲ್ಲ. ಆ ದಿನ ಆಸ್ಪತ್ರೆಯಲ್ಲಿ ನಿಮಗೆ ಬಲ ಕೊಟ್ಟಿದ್ದು ಏನು? ನೀವು ಮೊದಲು ಏನು ಮಾಡಿದ್ರಿ?”

“ಅತ್ತೆ,” ಎಂದರು ಅತ್ತೆ.

ಮೇಷ್ಟ್ರು ತಲೆಯಾಡಿಸಿ ಸಭೆಯ ಕಡೆ ತಿರುಗಿದರು. “ನೋಡಿ, ಕಷ್ಟಕಾಲದಲ್ಲಿ ಇವರ ಅತ್ತೆ ಇವರಿಗೆ ಬಲವಾಗಿ ನಿಂತರು. ಈಗಿನ ಸೊಸೆಯಂದಿರು ಇದನ್ನ…”

“ಅಯ್ಯೋ, ನಮ್ಮತ್ತೆ ಯಾವಾಗಲೋ ತೀರ್ಕೊಂಡ್ರು ಮೇಷ್ಟ್ರೇ. ನಾನು ಅತ್ತೆ. ಅಳು, ಅಳು. ಗೊಳೋ ಅಂತ ಅತ್ತೆ.”

ಅಷ್ಟರಲ್ಲಿ ಮುಂದಿನ ಸಾಲಿನಿಂದ ಗಟ್ಟಿಯಾಗಿ, “ಸರಿ!” ಎಂದು ಮಾವ. ಕೋಣೆಗೆ ಕೋಣೆಯೇ ನಕ್ಕುಬಿಟ್ಟಿತು. ಮೇಷ್ಟ್ರೂ ಕನ್ನಡಕ ತೆಗೆದು ಒರೆಸಿಕೊಂಡು ನಕ್ಕರು. ಕಾಲೇಜಿನಲ್ಲಿ ಶ್ಲೇಷೆಗೆ ಸ್ವಂತ ಉದಾಹರಣೆ ಕೊಡಿ ಎಂದಾಗ ನನಗೆ ಒಂದೂ ಹೊಳೆದಿರಲಿಲ್ಲ. ಹುಟ್ಟಿದಾಗಿನಿಂದ ಕರೆಯುತ್ತಾ ಬಂದ ಹೆಸರಿನೊಳಗೆ ಅಳುವೂ ಇದೆಯೆಂದು ನಾನು ಕೇಳಿಸಿಕೊಂಡೇ ಇರಲಿಲ್ಲ.

ನಗು ಅತ್ತೆಯ ಭಯ ಬಿಡಿಸಿತು. ಅವರು ಹೇಳಿದ್ದನ್ನು ಆದಷ್ಟು ಅವರದೇ ಮಾತಿನಲ್ಲಿ ಬರೆಯುತ್ತೇನೆ.

“ಈಗಲೂ ಅಳ್ತೀನಿ. ಕೆಲಸದ ಜಾಗದಲ್ಲಿ ಹರಿದ ಬಟ್ಟೆ ಕೋಣೆ ಇದೆ, ಅಲ್ಲಿ. ಇವರ ಧ್ವನಿ ಬೇಕು ಅಂತ ಅಳ್ತೀನಿ. ಒಂದೊಂದು ಸಲ ದೇವರ ಮೇಲೆ ರೇಗಾಡ್ತೀನಿ, ಕೊಟ್ಟಿದ್ದನ್ನ ಯಾಕೆ ಕಿತ್ಕೊಂಡೆ ಅಂತ. ಅವನೇನು ಜವಾಬು ಕೊಡಲ್ಲ. ಆದ್ರೆ ಎದ್ದು ಹೋಗೋದೂ ಇಲ್ಲ. ಪಕ್ಕದಲ್ಲೇ ಕೂತಿರ್ತಾನೆ. ಅದು ನನಗೆ ಗೊತ್ತಾಗತ್ತೆ, ಹೇಗೆ ಅಂತ ಕೇಳಬೇಡಿ, ನಾನು ಓದಿದೋಳಲ್ಲ. ಯೇಸುಸ್ವಾಮಿ ಗೆಳೆಯನ ಸಮಾಧಿ ಹತ್ರ ಹೋದಾಗ, ಇನ್ನೇನು ಸತ್ತ ಅವನನ್ನ ಬದುಕಿಸಿ ಎಬ್ಬಿಸ್ತೀನಿ ಅಂತ ಗೊತ್ತಿತ್ತಲ್ವಾ? ಗೊತ್ತಿದ್ದೂ ಅತ್ತನಲ್ಲ. ಸುಮ್ನಿರಿ, ಯಾರೂ ಅಳಬೇಡಿ, ಈಗ ನೋಡಿ ತಮಾಷೆ ಅನ್ನಲಿಲ್ಲ. ಮೊದಲು ಅವರ ಜೊತೆ ನಿಂತು ಅತ್ತ. ಅಂಥೋನು ನನ್ನ ಜೊತೆ ಇದ್ದಾನೆ ಅಂತ ನೆನೆಸ್ಕೊಂಡ್ರೆ ನಗು ಬರತ್ತೆ. ತಡೆಯೋಕೆ ಆಗಲ್ಲ. ಇಷ್ಟೇ ಮೇಷ್ಟ್ರೇ, ಇದಕ್ಕೆ ಸಾಕ್ಷಿ ಅಂತಾರೋ ಏನೋ.”

ಕುಳಿತುಬಿಟ್ಟರು. ಹಿಂದಿನ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡರು. ಆಮೇಲೆ ಇನ್ನೊಬ್ಬರು.

ಮನೆಗೆ ಬರುವಾಗ ಕುರ್ಚಿಯನ್ನು ನಾನು ತಳ್ಳುತ್ತಿದ್ದೆ. ಇಳಿಜಾರಿನಲ್ಲಿ ಅತ್ತೆಯೂ ಹಿಡಿಗೆ ಕೈ ಹಾಕಿದರು.

“ನೀನು ನಿನ್ನೆ ಬಾಗಿಲ ಹತ್ರ ನಿಂತಿದ್ಯಲ್ಲ, ನೋಡಿದೆ,” ಎಂದರು.

ನಾಚಿಕೆಯಿಂದ ಕುರ್ಚಿಯ ಹಿಡಿಯನ್ನೇ ನೋಡುತ್ತಾ ತಳ್ಳಿದೆ.

“ಒಳಗೆ ಬಾ ಅನ್ನೋಣ ಅಂದ್ಕೊಂಡೆ. ಅಷ್ಟರಲ್ಲಿ ಓಡಿಹೋದೆ. ಕಳ್ಳಿ ಹಾಗೆ ಯಾಕೆ ಹೋಗಬೇಕಿತ್ತು? ರಾಶಿ ದೊಡ್ಡದಿದೆ, ಇಬ್ಬರು ಕೂರಬಹುದು.”

“ಅಳು ಕಂಡಿತು ಅತ್ತೆ. ಹಾಗಾದ್ರೆ ನಗೋದು ಸುಳ್ಳು ಅಂದ್ಕೊಂಡೆ.”

“ಓ. ಎರಡರಲ್ಲಿ ಒಂದು ಸುಳ್ಳೇ ಆಗಬೇಕಾ?” ಎಂದು ಕೇಳಿದರು. ಆಮೇಲೆ, “ನಿಮ್ಮಣ್ಣ ಹೇಗಿದ್ದಾನೆ?” ಎಂದರು.

“ಚೆನ್ನಾಗಿದ್ದಾನೆ.”

“ಅದು ಅವನು ಹೇಳಿದ್ದಾ, ನೀನು ಹೇಳ್ತಿರೋದಾ?”

ನಾನು ನಿನ್ನ ಗುಟ್ಟು ಬಿಟ್ಟುಕೊಡಲಿಲ್ಲ. ಆದರೆ ನನ್ನ ಮುಖ ನಿನಗೆ ಗೊತ್ತಲ್ಲ, ಏನನ್ನೂ ಮುಚ್ಚಿಡಲು ಬಾರದ ಮುಖ. ಅತ್ತೆ ಮತ್ತೆ ಕೇಳಲಿಲ್ಲ. “ಒಂದ್ಸಲ ಬಂದು ಹೋಗು ಅಂತ ಬರಿ. ಪಾಸ್ಟರ್ ಆಗಿ ಅಲ್ಲ, ನನ್ನಣ್ಣನ ಮಗ ಆಗಿ. ಇಲ್ಲಿ ಪ್ರಸಂಗ ಮಾಡಿದ್ರೆ ಇವರು ಎಲ್ಲದಕ್ಕೂ ಸರಿ ಅಂದುಬಿಡ್ತಾರೆ, ಮಜಾ ಇರಲ್ಲ,” ಎಂದರು.

ಮನೆಗೆ ಬಂದು ಮೊದಲಿನ ಪತ್ರ ಹರಿದುಹಾಕಿದೆ. ನಿನ್ನ ಪ್ರಶ್ನೆಗೆ ಈಗ ನನಗೆ ತಿಳಿದ ಉತ್ತರ ಇದು: ನಿಜ, ಅಣ್ಣ. ಅತ್ತೆಯ ಸಂತೋಷ ನಿಜ. ಅವರು ಅದನ್ನು ಕಾಪಾಡಿಕೊಳ್ಳಲು ಏನೂ ಮಾಡುವುದಿಲ್ಲ, ಅಳುವನ್ನು ತಡೆಯುವುದೂ ಇಲ್ಲ. ಅತ್ತ ಮೇಲೆ ಪಕ್ಕದಲ್ಲಿ ಯಾರಿದ್ದಾರೆಂದು ತಿರುಗಿ ನೋಡುತ್ತಾರೆ, ಅಷ್ಟೆ. ನನ್ನ ನಂಬಿಕೆ ಅಷ್ಟು ಗಟ್ಟಿಯದಲ್ಲ. ಆದರೂ ಚಾದರದ ಆಚೆ ತುದಿಯಿಂದ ಅವರು ನನ್ನ ಕಡೆಗೆ ನಡೆದು ಬರುವಾಗ ನನಗೂ ಏನೋ ತಾಕಿದಂತಾಗುತ್ತದೆ. ಅದಕ್ಕೆ ಹೆಸರಿಡಲು ಹೋಗಿಲ್ಲ.

ಕೆಲಸ ಬಿಡುವುದೂ ಇರುವುದೂ ನಿನಗೆ ಬಿಟ್ಟದ್ದು. ಬಿಟ್ಟರೂ ನೀನು ನನಗೆ ಅಣ್ಣನೇ. ಆದರೆ ಹಿರಿಯರ ಹತ್ತಿರ ಹೋಗುವ ಮುಂಚೆ ಇಲ್ಲಿಗೆ ಬಾ. ಇದೊಂದನ್ನು ನಡೆಸಿಕೊಡು.

ಅತ್ತೆ ಇಲ್ಲಿಂದಲೇ ನಿನ್ನ ತಲೆ ಸವರಿ ಆಶೀರ್ವಾದ ಹೇಳಿದ್ದಾರೆ. ಬರೆಯಲು ಕುಳಿತಿದ್ದೇನೆಂದು ಮಾವನಿಗೆ ಹೇಳಿದೆ, ಅವರ ಮೆತ್ತಗಿನ ‘ಸರಿ’ ಬಂತು, ಅದೂ ಆಶೀರ್ವಾದವೇ. ಕರ್ತನು ನಿನ್ನನ್ನು ಕಾಯಲಿ. ನೀನು ಖಾಲಿ ಎಂದು ತಿಳಿದ ಕೋಣೆಯಲ್ಲಿ ಆತನೇ ದೀಪ ಹಚ್ಚಿ ಕುಳಿತಿರಲಿ.

ನಿನ್ನ ಪ್ರೀತಿಯ,
ಪುಟ್ಟಿ

ಮ.ವಿ.: ಪತ್ರ ಇಲ್ಲಿಗೇ ಮುಗಿಸಬೇಕೆಂದಿದ್ದೆ. ಆದರೆ ಆ ಖಾಲಿತನ ಯಾವಾಗ ಶುರುವಾಯಿತೋ ನೆನಪಿಲ್ಲ ಎಂದು ಬರೆದಿದ್ದೀಯಲ್ಲ, ನನಗೆ ನೆನಪಿದೆ ಅಣ್ಣ. ಅಮ್ಮನನ್ನು ಮಣ್ಣು ಮಾಡಿದ ದಿನ. ಪೆಟ್ಟಿಗೆಯನ್ನು ಹಗ್ಗದಲ್ಲಿ ಇಳಿಸುವಾಗ ನನ್ನ ಅಳು ಗಂಟಲಿಗೆ ಬಂದಿತ್ತು. ಆಗ ನೀನು ಪಾಸ್ಟರ್ ಅಂಗಿಯಲ್ಲಿ ನಿಂತು, ‘ಅಮ್ಮ ದೇವರ ಹತ್ತಿರ ಹೋಗಿದ್ದಾರೆ, ಇದು ಸಂತೋಷದ ದಿನ, ನಮ್ಮ ಮನೆಯಲ್ಲಿ ಯಾರೂ ಅಳುವುದಿಲ್ಲ’ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಎಲ್ಲರೂ ನಿನ್ನನ್ನು ಮೆಚ್ಚಿದರು. ನಾನು ನುಂಗಿಕೊಂಡೆ. ನೀನು ನನ್ನ ಕೈ ಹಿಡಿದಿದ್ದೆ, ನನ್ನನ್ನು ಸಮಾಧಾನ ಮಾಡಲೆಂದು ತಿಳಿದಿದ್ದೆ. ಈಗ ಅನಿಸುತ್ತದೆ, ನಡುಗುತ್ತಿದ್ದುದು ನಿನ್ನ ಕೈ. ಇದು ನಿನ್ನ ಮೇಲಿನ ದೂರಲ್ಲ. ನೀನೂ ಆವತ್ತು ತಾಯಿ ಸತ್ತ ಹುಡುಗನೇ ಆಗಿದ್ದೆ, ಅದನ್ನು ಯಾರೂ ನೆನಪಿಸಲಿಲ್ಲ. ಮೊನ್ನೆ ಕೂಟದಿಂದ ಬಂದ ಮೇಲೆ ಬಾಗಿಲು ಹಾಕಿಕೊಂಡು ಅಮ್ಮನಿಗಾಗಿ ಅಳಲು ಕುಳಿತೆ. ಬರಲಿಲ್ಲ. ಒಬ್ಬಳಿಂದ ಆಗುತ್ತಿಲ್ಲ. ಬೇಗ ಬಾ.