ಗಡಿಗೆಯೊಳಗಿನ ಉದ್ದಿನಕಾಳು

ಗೆಳೆಯ ಸಂಗನಬಸವನಿಗೆ,

ಯರಗುಪ್ಪಿಯಿಂದ ಈರಬಸಪ್ಪ ಮಾಡುವ ಶರಣು. ಇತ್ತ ಎಲ್ಲರೂ ಕ್ಷೇಮ ಎಂದು ಬರೆಯಬೇಕು. ಬರೆಯುವುದಿಲ್ಲ, ಯಾಕೆಂದರೆ ಕ್ಷೇಮವಿಲ್ಲ. ಬೆಳಗಿನಿಂದ ಮೈಕ್‌ಸೆಟ್ಟಿನ ಅಂಗಡಿ ತೆಗೆದಿಲ್ಲ. ಕುಂದಗೋಳದ ಬಸ್ಸು ಹತ್ತಲು ಹೋಗುವುದು, ತಿರುಗಿ ಬರುವುದು, ಇದೇ ಆಗಿದೆ. ಎದುರಿಗೆ ಬಂದರೆ ಮತ್ತೆ ಒದರಾಡುತ್ತೇನೆ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಬೇಡವೆಂದು ನಾನೇ ಬಸ್‌ಸ್ಟ್ಯಾಂಡಿನಲ್ಲಿ ಮಂದಿಯ ಮುಂದೆ ಹೇಳಿದ್ದೇನಲ್ಲ. ಅದಕ್ಕೇ ಈ ಕಾಗದ. ಪುಣ್ಯಾತ್ಮಾ, ಓದದೆ ಹರಿದು ಹಾಕಬೇಡ.

ಮುಂಜಾನೆ ತಿರಕಪ್ಪ ಕಾಕಾ ಬಂದಿದ್ದ. ಮೇಳದ ಹಿರಿಯ ನಮ್ಮ ಕಟ್ಟೆಯ ಮೇಲೆ ಕುಳಿತಿದ್ದನ್ನು ನೋಡಿಯೇ ಅಂಗಡಿಯ ಕೀಲಿಕೈ ಕೆಳಗಿಟ್ಟೆ. "ನಾಡಿದ್ದು ಅಮಾಸಿಗೆ ಮೇಳದಾಗ ಕೂಡಿಸ್ಕೊಳ್ಳಾಕ ಮತ್ತ ನಿನ್ನ ಹೆಸರು ಎತ್ತೇವಿ. ಹೊಸಾ ಧೋತರ ಉಟಗೊಂಡು ಬಾ" ಅಂದ. ಯಾರು ಎತ್ತಿದ್ದು ಅಂತ ಕೇಳಿದೆ. "ಮತ್ಯಾರು? ಸಂಗನಬಸವನ ಎತ್ಯಾನ" ಅಂದು ಚಹಾ ಕುಡಿದು ಹೋದ. ಅಂದಿನಿಂದ, ಅಲ್ಲ, ಆ ಗಳಿಗೆಯಿಂದ ನನಗೆ ಕೂತಲ್ಲಿ ಕೂಡಲಾಗುತ್ತಿಲ್ಲ.

ಮೇಳದ ಒಳಗಿನದು ನಿನಗೆ ಗೊತ್ತು. ಹೊರಗೆ ನಿಂತವನಿಗೆ ಅದು ಹೇಗೆ ಕಾಣುತ್ತದೆ ಎಂಬುದು ನಿನಗೆ ಮರೆತು ಹೋಗಿರಬೇಕು. ನಾನು ಹೇಳುತ್ತೇನೆ, ಕೇಳು. ಅಮಾವಾಸ್ಯೆ ದಿನ ಎತ್ತಿನ ಹೆಗಲಿಗೆ ನೊಗವಿಲ್ಲ. ಮಧ್ಯಾಹ್ನ ಉಂಡು ಗಂಡಸರು ಕುಂದಗೋಳದ ಹಳೇ ಹತ್ತಿ ಗಿರಣಿಯ ಹಿಂದಿನ ಪಡಸಾಲೆ ಸೇರುತ್ತೀರಿ. ಮೊದಲು ಬಾಗಿಲು ತೆರೆದಿಟ್ಟು ಭಜನೆ, ಆಗ ನಮ್ಮಂಥವರೂ ಕೂಡಬಹುದು. ಆಮೇಲೆ ಹೊರಗಿನವರೆಲ್ಲ ಎದ್ದು ಬರಬೇಕು. ಕದ ಬೀಳುತ್ತದೆ. ಕದ ಬಿದ್ದ ಮೇಲೆ ತಾಳದ ಸದ್ದೂ ಇಲ್ಲ, ಮಾತಿನ ಸದ್ದೂ ಇಲ್ಲ. ಅದಕ್ಕೇ ತಾನೆ ಊರು ನಿಮಗೆ ಕದ ಹಾಕುವ ಮೇಳ ಅನ್ನುವುದು? ಸಣ್ಣವರಿದ್ದಾಗ ನಾವಿಬ್ಬರೂ ಆ ಕದಕ್ಕೆ ಕಿವಿ ಹಚ್ಚಿ ನಿಂತದ್ದು ನೆನಪಿದೆಯೇ? ಒಳಗೆ ಕತ್ತಿ ಪೂಜೆ ಮಾಡುತ್ತಾರೆ ಎಂದು ನೀನು, ಹಾವಿಗೆ ಹಾಲೆರೆಯುತ್ತಾರೆ ಎಂದು ನಾನು ಜಗಳಾಡಿದ್ದೆವು. ನನ್ನ ಹೆಂಡತಿ ನೀಲಕ್ಕನ ಮಾತು ಬೇರೆ. "ಏನ ಮಾಡ್ತಾರ? ಉಪ್ಪಿಟ್ಟು ತಿಂದು ಅಡ್ಡಾಗ್ತಾರ. ಹೆಂಡರಿಗೆ ಗೊತ್ತಾಗಬಾರದು ಅಂತ ಕದಾ ಹಾಕ್ತಾರ" ಅನ್ನುತ್ತಾಳೆ.

ನಗಬೇಡ, ನಾನೂ ಒಂದು ಕಾಲಕ್ಕೆ ನಕ್ಕವನೇ. ಆದರೆ ಇಡೀ ತಾಲೂಕು ಆ ಮುಚ್ಚಿದ ಕದದ ಕಡೆಗೆ ಮುಖ ಮಾಡಿಕೊಂಡಿದೆ. ಬದುವಿನ ಜಗಳ ಕೋರ್ಟಿನಲ್ಲಿ ಮುಗಿಯುವುದಿಲ್ಲ, ಮೇಳದ ಇಬ್ಬರು ಹೊಲಕ್ಕೆ ಹೋಗಿ ನಿಂತರೆ ಮುಗಿಯುತ್ತದೆ. ನೀವು ಕೈಕೊಡುವಾಗ ಹೆಬ್ಬೆರಳಿಂದ ಮಣಿಕಟ್ಟು ಒತ್ತುತ್ತೀರಲ್ಲ, ಅದನ್ನು ನೋಡಿ ನೋಡಿ ಈಗ ಮೇಳದ ಗಂಧಗಾಳಿ ಇಲ್ಲದ ಹುಡುಗರೂ ಹಾಗೆಯೇ ಕೈಕೊಡುತ್ತಾರೆ. ಶಾಲೆಯ ಬಯಲಿನಲ್ಲಿ ಮಕ್ಕಳು ಕದ ಹಾಕುವ ಆಟ ಆಡುತ್ತವೆ, ಒಂದನ್ನು ಹೊರಗೆ ನಿಲ್ಲಿಸಿ ಅಳಿಸುತ್ತವೆ. ಎಕರೆಗಟ್ಟಲೆ ಹೊಲವಿರುವ ಗೌಡನು ಟೇಲರ್ ನಿಜಾಮಸಾಬನನ್ನು "ಅಣ್ಣಾ" ಎಂದು ಕರೆದು ತನ್ನ ಪಕ್ಕದಲ್ಲಿ ಕೂಡಿಸಿಕೊಳ್ಳುವುದನ್ನು ನಾನು ಬೇರೆ ಎಲ್ಲಿಯೂ ಕಂಡಿಲ್ಲ.

ನಿನ್ನನ್ನು ಒಳಗೆ ಕರೆದುಕೊಂಡ ದಿನ ನಾನು ಗಿರಣಿಯ ಬೇವಿನ ಗಿಡದ ಕೆಳಗೆ ಕಾಯುತ್ತಿದ್ದೆ. ನೀನು ಹೊರಬಂದೆ. ನಿಜಾಮಸಾಬನ ಮಣಿಕಟ್ಟು ಒತ್ತಿದೆ, ತಿರಕಪ್ಪ ಕಾಕಾನದು ಒತ್ತಿದೆ, ಆಮೇಲೆ ನನ್ನ ಹತ್ತಿರ ಬಂದು ಎಲ್ಲರಿಗೂ ಕೊಡುವ ಹಾಗೆ ಬರಿಯ ಕೈ ಕೊಟ್ಟೆ. ಒಂದೇ ತಾಟಿನಲ್ಲಿ ಉಂಡು ಬೆಳೆದವನು ನೀನು! ಹೊಟ್ಟೆಕಿಚ್ಚು ಅಂದರೆ ಏನೆಂದು ನನಗೆ ಆವತ್ತು ಗೊತ್ತಾಯಿತು. ಒಳಗೆ ಏನಿದೆ ಎಂಬ ಕುತೂಹಲ ಎಂದೋ ಸತ್ತಿತ್ತು. ತುಂಬಿದ ಬಸ್ಸಿನಲ್ಲಿ ಜೋತು ಬಿದ್ದಾಗಲೂ ನೀನೂ ನಿಜಾಮಸಾಬನೂ ಮುಖ ಮುಖ ನೋಡಿ ಸುಮ್ಮನೆ ನಗುತ್ತಿದ್ದಿರಲ್ಲ, ನನಗೆ ಆ ನಗೆ ಬೇಕಾಗಿತ್ತು. ಕೇಳಿ ಪಡೆಯುವಂತಿಲ್ಲ, ನೀವಾಗಿಯೇ ಕರೆಯಬೇಕು. ವರ್ಷ ವರ್ಷ ಕಾದೆ.

ಹೋದ ವರ್ಷ ಶೀಗಿ ಹುಣ್ಣಿಮೆಯ ಮುಂದಿನ ಅಮಾವಾಸ್ಯೆಗೆ ಕರೆ ಬಂತು. ಹೊಸ ಧೋತರ ಉಟ್ಟು ಹೊರಗೆ ಕುಳಿತೆ. ಒಳಗೆ ಬಟ್ಟೆ ಮುಚ್ಚಿದ ಗಡಿಗೆ ಸುತ್ತುತ್ತದೆ, ಒಬ್ಬೊಬ್ಬರೂ ಮುಷ್ಟಿ ಒಳಗಿಟ್ಟು ಒಂದೊಂದು ಕಾಳು ಬಿಡುತ್ತೀರಿ, ಎಲ್ಲ ಬಿಳಿಜೋಳವಾದರೆ ಕದ ತೆರೆಯುತ್ತದೆ, ಒಂದೇ ಒಂದು ಉದ್ದಿನಕಾಳು ಬಿದ್ದರೂ ಇಲ್ಲ. ಇಷ್ಟು ಊರಿಗೆಲ್ಲ ಗೊತ್ತು. ಯಾರ ಕಾಳು ಎಂದು ಕೇಳುವಂತಿಲ್ಲ, ಹೇಳುವಂತಿಲ್ಲ, ಅದೂ ಗೊತ್ತು. ತಿರಕಪ್ಪ ಕಾಕಾ ಬಂದು, "ಈ ಸಲ ಆಗಲಿಲ್ಲೋ ತಮ್ಮಾ" ಅಂದ. ಹಿಂದಿನಿಂದ ಎಲ್ಲರೂ ಬಂದರು, ಎಲ್ಲರೂ ನನ್ನ ಮುಖ ನೋಡಿದರು. ನೀನೊಬ್ಬ ನೆಲ ನೋಡಿದೆ.

ಅಷ್ಟು ಸಾಕಾಯಿತು. ನನ್ನ ಬಾಯಿ ದೊಡ್ಡದು, ಗುಟ್ಟು ನಿಲ್ಲುವುದಿಲ್ಲ ಎಂದು ನೀನೇ ಕರಿಕಾಳು ಹಾಕಿದೆ ಎಂದುಕೊಂಡೆ. ಬಸ್‌ಸ್ಟ್ಯಾಂಡಿನಲ್ಲಿ ಅಂಗಿ ಹಿಡಿದು ಕೇಳಿದೆ. ನೀನು ಹೌದೂ ಅನ್ನಲಿಲ್ಲ, ಅಲ್ಲವೂ ಅನ್ನಲಿಲ್ಲ. "ಕೈ ಬಿಡೋ ಈರ್ಯಾ, ಮಂದಿ ನೋಡಾಕತ್ತಾರ" ಅಂದೆ, ಅಷ್ಟೇ. ನಾನು ಅಂದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ನಿನ್ನ ಹೆಣಕ್ಕೂ ಬರುವುದಿಲ್ಲ ಅಂದಿದ್ದೆ. ಥೂ, ನನ್ನ ನಾಲಿಗೆ ಸೇದಿಹೋಗಲಿ!

ಅದಾಗಿ ಸ್ವಲ್ಪ ದಿನಕ್ಕೆ ಶಾಂಭವಿ ವೈನಿ ಹೂವು ಹಣ್ಣು ಹಿಡಿದು ನಮ್ಮ ಮನೆಗೆ ಬಂದರು, ನಿಮ್ಮ ಹೇಮಂತನಿಗೆ ನಮ್ಮ ರೋಹಿಣಿಯನ್ನು ಕೇಳಲು. ಗಾಯ ಮಾಡಿ ಬೆಣ್ಣೆ ಹಚ್ಚಲು ಕಳಿಸಿದ್ದಾನೆ ಎಂದು ನನ್ನ ತಲೆ ಕೆಟ್ಟಿತು. "ಅವರ ಮನಿಗೆ ನಾ ಹೆಣ್ಣು ಕೊಡಂಗಿಲ್ಲ" ಎಂದು ಅಂಗಳದಲ್ಲೇ ನಿಲ್ಲಿಸಿ ಕಳಿಸಿದೆ. ನಿನ್ನ ಹೆಂಡತಿಗೆ ಕುಡಿಯಲು ನೀರೂ ಕೊಡಲಿಲ್ಲ. ಆವತ್ತಿನಿಂದ ರೋಹಿಣಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಹುಬ್ಬಳ್ಳಿಗೆ ನೌಕರಿಗೆ ಹೋಗುತ್ತಾಳೆ, ಬರುತ್ತಾಳೆ, ರೊಟ್ಟಿ ಬಡಿಸುತ್ತಾಳೆ, ತಾಟಿನ ಕಡೆ ನೋಡುತ್ತಾಳೆ. ಇಷ್ಟು ದಿನ ಅದನ್ನು ಸೊಕ್ಕು ಅಂದುಕೊಂಡಿದ್ದೆ.

ಇವತ್ತು ತಿರಕಪ್ಪ ಕಾಕಾ ಹೋದ ಮೇಲೆ ಪೆಟ್ಟಿಗೆಯಿಂದ ಧೋತರ ತೆಗೆದೆ. ನೀಲಕ್ಕ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಬಂದಳು. "ಹೋಗ್ರಿ, ಚಂದಾಗಿ ಹೋಗ್ರಿ. ಮೇಳದಾಗ ಕೂಡಿದವ್ರು ಅಣ್ಣತಮ್ಮರು, ಅವರ ಮಕ್ಕಳು ಅಣ್ಣತಂಗಿ. ಅಮಾಸಿ ಆದಮ್ಯಾಲ ಹೇಮಂತ ರೋಹಿಣಿಗೆ ಅಣ್ಣ ಆಗ್ತಾನ. ಅದನ್ನ ಆಕಿಗೆ ನೀವ ಹೇಳ್ರಿ, ನನ್ನ ಕೈಲೆ ಆಗೂದಿಲ್ಲ" ಅಂದು ಅಲ್ಲೇ ಕುಳಿತು ಅತ್ತುಬಿಟ್ಟಳು. ಹುಡುಗರಿಬ್ಬರೂ ಒಪ್ಪಿಕೊಂಡು ವರ್ಷಗಳೇ ಆಗಿವೆಯಂತೆ. ಹೆಂಗಸರಿಬ್ಬರೂ ಮಾತಾಡಿಕೊಂಡಿದ್ದರಂತೆ. ನಿನಗೂ ಗೊತ್ತಿತ್ತಂತೆ. ನನಗೊಬ್ಬನಿಗೆ ಯಾಕೆ ಹೇಳಲಿಲ್ಲ ಎಂದರೆ, "ಹುಡುಗನ ನೌಕರಿ ಕಾಯಂ ಆಗೂತನಕಾ ಸುಮ್ಮನಿರೂಣು ಅಂತ ಇದ್ವಿ. ನಿಮಗ ಹೇಳಿದ್ರ ಮೈಕಿನ್ಯಾಗ ಹೇಳಿಧಂಗ" ಅಂದಳು.

ಮೇಳದವರು ತಮ್ಮತಮ್ಮಲ್ಲಿ ಬೀಗತನ ಮಾಡುವುದಿಲ್ಲ ಎಂದು ನನಗೆ ಗೊತ್ತಿಲ್ಲದ್ದೇನಲ್ಲ. ವೈನಿ ಅಂಗಳದಲ್ಲಿ ನಿಂತಾಗಲೇ ಅದು ಹೊಳೆಯಬೇಕಿತ್ತು. ಸಿಟ್ಟಿಗೆ ಕಣ್ಣಿಲ್ಲ ನೋಡು. ಆವತ್ತು ಎಲ್ಲ ಜೋಳವೇ ಬಿದ್ದಿದ್ದರೆ ನಾನು ಕುಣಿಯುತ್ತ ಒಳಗೆ ಬರುತ್ತಿದ್ದೆ. ನಮ್ಮ ಮಕ್ಕಳ ಬಾಗಿಲು ಹಾಕಿಕೊಳ್ಳುತ್ತಿತ್ತು. ನೀನು ನನ್ನನ್ನು ಬಾಜೂಕ ಕರೆದು ಹೇಳಬಹುದಿತ್ತು. ಹೇಳಿದ್ದರೆ ಮಗಳೋ ಮೇಳವೋ ಎಂದು ನಾನು ಆರಿಸಬೇಕಾಗುತ್ತಿತ್ತು. ಅದು ನನಗೆ ಬರಬಾರದೆಂದು ನೀನೇ ಕರಿಕಾಳು ಹಾಕಿ ಕೆಟ್ಟವನಾದೆ. ಅಂಗಿ ಹಿಡಿದರೂ ಸುಮ್ಮನಿದ್ದೆ. ಈಗ ನಾನು ಸಂಬಂಧ ಒದ್ದು ಕಳಿಸಿದ ಮೇಲೆ, ಇನ್ನು ಮೇಳವಾದರೂ ಅವನಿಗೆ ಸಿಗಲಿ ಎಂದು ನನ್ನ ಹೆಸರು ಎತ್ತಿದ್ದೀಯ. ಎಂಥ ಮನುಷ್ಯನಲೇ ನೀನು! ಅಳು ಬರುತ್ತಿದೆ, ಸಿಟ್ಟೂ ಬರುತ್ತಿದೆ. ಅಕ್ಷರ ಸೊಟ್ಟವಾದರೆ ಅದಕ್ಕೇ.

ನಾನೇ ಒಲ್ಲೆ ಅಂದುಬಿಡಬಹುದು. ಆದರೆ ಇಷ್ಟು ವರ್ಷ ಬಾಯಿಬಿಟ್ಟುಕೊಂಡು ನಿಂತವನು ಒಲ್ಲೆ ಅಂದರೆ ತಿರಕಪ್ಪ ಕಾಕಾ ಬಿಡುತ್ತಾನೆಯೇ? ಕಾರಣ ಕೆದಕುತ್ತಾನೆ. ಕಾರಣ ಹೊರಬಿದ್ದರೆ ಆ ಕಾಳು ನಿನ್ನದೆಂದು ತಿಳಿಯುತ್ತದೆ. ತನ್ನ ಮನೆಯ ಲಾಭಕ್ಕೆ ಕರಿಕಾಳು ಹಾಕಿದವನನ್ನು ಮೇಳ ಇಟ್ಟುಕೊಳ್ಳುವುದಿಲ್ಲ. ನಿನ್ನನ್ನು ಅಲ್ಲಿಂದ ಹೊರಗೆ ಹಾಕುವುದನ್ನು ನಾನು ನೋಡಲಾರೆ. ಹೊರಗೆ ನಿಲ್ಲುವುದು ಎಂಥದ್ದೆಂದು ನನಗೆ ಗೊತ್ತಿದೆ.

ಆದ್ದರಿಂದ ನಾಡಿದ್ದು ನಾನು ಬರುತ್ತೇನೆ. ಹೊಸ ಧೋತರ ಉಟ್ಟು ಬೇವಿನ ಗಿಡದ ಕೆಳಗೆ ಕೂಡುತ್ತೇನೆ. ಎರಡು ಸಲ ಕರಿಕಾಳು ಬಿದ್ದವನ ಹೆಸರು ಮತ್ತೆ ಎತ್ತುವುದಿಲ್ಲ, ತಿಳಿದೇ ಬರೆಯುತ್ತಿದ್ದೇನೆ. ಆಸೆ ಹೋಗಿಲ್ಲ, ಸುಳ್ಳು ಹೇಳುವುದಿಲ್ಲ. ಕದ ಬಿದ್ದಾಗ ಹೊಟ್ಟೆ ಉರಿಯುತ್ತದೆ. ಉರಿಯಲಿ. ನಾಳೆ ನೀಲಕ್ಕನೂ ರೋಹಿಣಿಯೂ ನಿಮ್ಮ ಮನೆಗೆ ಬರುತ್ತಾರೆ, ಈ ಕಾಗದ ಅವರ ಕೈಯಲ್ಲೇ ಇರುತ್ತದೆ. ವೈನಿಗೆ ನಾನು ಕಾಲು ಮುಟ್ಟಿ ತಪ್ಪಾಯಿತೆಂದು ಕೇಳಿಕೊಂಡೆ ಎಂದು ಹೇಳು. ಹುಡುಗರಿಗೆ ಒಳ್ಳೆಯದಾಗಲಿ, ನೂರು ವರ್ಷ ಕೂಡಿ ಬಾಳಲಿ. ಗಡಿಗೆ ನಿನ್ನ ಮುಂದೆ ಬಂದಾಗ ಉದ್ದಿನಕಾಳು ಹಾಕು. ಹೊರಗೆ ಬರುವಾಗ ಈ ಸಲ ನೆಲ ನೋಡಬೇಡ, ನನ್ನ ಮುಖ ನೋಡು.

ಇಂತಿ,
ಎಂದಿಗೂ ನಿನ್ನ ಮೇಳದ ತಮ್ಮನಾಗದ
ನಿನ್ನ ಬೀಗ, ಈರಬಸಪ್ಪ