ಏಳನೇ ಚುಕ್ಕೆ

ಮಾರ್ಚ್ 3, ಬೆಳಗಿನ ಜಾವ 2.10

ಒಣಗಲು ಇಟ್ಟಿದ್ದ ಹಾಲಿನ ಬಾಟಲಿ ಸಿಂಕಿಗೆ ಉರುಳಿದ ಸದ್ದಿಗೆ ಎಚ್ಚರ. ಮಗು ಮಿಸುಕಲಿಲ್ಲ. ನನಗೆ ಮತ್ತೆ ನಿದ್ದೆ ಹತ್ತಲಿಲ್ಲ. ಮೇಲ್ ತೆರೆದೆ. ಪಿಎಚ್‌ಡಿ ಗೈಡ್ ನಮ್ಮ ಪೇಪರಿನ ಕೊನೆಯ ಕರಡು ಕಳಿಸಿದ್ದಾರೆ. ಹನ್ನೊಂದನೇ ತಾರೀಖು ಬೆಳಿಗ್ಗೆ ಎಂಟಕ್ಕೆ ಜರ್ನಲ್‌ಗೆ ಹೋಗುತ್ತದಂತೆ.

ನಾವು ದೂರ ಅಳೆಯುತ್ತಿರುವುದು ದೈತ್ಯ ನಕ್ಷತ್ರಗಳು ಹುಟ್ಟುತ್ತಿರುವ ಒಂದು ಅನಿಲದ ಮೋಡವನ್ನು. ನಾನು ಹೆರಿಗೆ ರಜೆ ಹಾಕುವಾಗ ನಮ್ಮ ಲೆಕ್ಕದಲ್ಲಿ ಅದು ಹದಿನೇಳು ಸಾವಿರ ಜ್ಯೋತಿರ್ವರ್ಷ ದೂರವಿತ್ತು. ಈ ಕರಡಿನಲ್ಲಿ ಹನ್ನೆರಡು ಸಾವಿರ. ದೂರ ತಪ್ಪಿದರೆ ಅದರ ತೂಕ, ಓಟ ಎಲ್ಲವೂ ತಪ್ಪು. ಯಾರೋ ಕೈಯಾಡಿಸಿದ್ದಾರೆ.

ಮಾರ್ಚ್ 4

ಗೈಡ್‌ಗೆ ಫೋನ್. ಐದನೇ ವೀಕ್ಷಣೆ ಸೇರಿಸಿದ ಮೇಲೆ ಲೆಕ್ಕ ಚೆನ್ನಾಗಿ ಕೂತಿದೆ ಎಂದರು. ತೀರಾ ಚೆನ್ನಾಗಿ — ಅದೇ ಅನುಮಾನ.

"ನೀನು ಮಗು ನೋಡ್ಕೋಮ್ಮ, ಇದನ್ನ ನಾನು ನೋಡ್ಕೋತೀನಿ."

ಎಂಥ ಬೆಣ್ಣೆಯಂಥ ಮಾತು. ಪೇಪರಿನಲ್ಲಿ ನನ್ನ ಹೆಸರೇ ಇನ್ನೂ ಮೊದಲಿದೆ. ಎಷ್ಟು ದಿನವೋ...

ಅತ್ತೆಗೆ ಬಿಡಿಸಿ ಹೇಳಿದೆ. ಹೆಬ್ಬೆರಳು ಚಾಚಿ ಒಂದೊಂದೇ ಕಣ್ಣು ಮುಚ್ಚಿದರೆ ಬೆರಳು ಆಚೀಚೆ ಸರಿದಂತೆ ಕಾಣುತ್ತದಲ್ಲ, ಭೂಮಿ ಸೂರ್ಯನನ್ನು ಸುತ್ತುವಾಗ ಆ ಮೋಡವೂ ಹಾಗೇ ಕೂದಲೆಳೆಯಷ್ಟು ಸರಿಯುತ್ತದೆ. ಅದರೊಳಗೆ ನೀರಾವಿ ರೇಡಿಯೋ ಅಲೆಯಲ್ಲಿ ಹೊಳೆಯುವ ಚುಕ್ಕೆಗಳಿವೆ, ಮೇಸರ್ ಅಂತ. ವರ್ಷವಿಡೀ ಒಂದೇ ಚುಕ್ಕೆಯ ಬೆನ್ನು ಹತ್ತಿ ದೂರ ಅಳೆಯುತ್ತೇವೆ.

"ಮೊದ್ಲು ಮಗೂನ ತೂಕ ನೋಡು, ಆಮೇಲೆ ಆಕಾಶ," ಎಂದರು.

ಮಾರ್ಚ್ 9, 3.40

ಹಾಲು ಕುಡಿಸುತ್ತಲೇ ಒಂದು ಕೈಯಲ್ಲಿ ಐದೂ ವೀಕ್ಷಣೆ ತೆರೆದೆ. ಮೊದಲ ನಾಲ್ಕರಲ್ಲಿ, ನಾವು ಬೆನ್ನು ಹತ್ತಿರುವ ಏಳನೇ ಚುಕ್ಕೆಯ ವೇಗ ಸೆಕೆಂಡಿಗೆ 41.3 ಕಿಲೋಮೀಟರ್. ಐದನೆಯದರಲ್ಲಿ 43.1. ಅದೇ ಚುಕ್ಕೆಯಾದರೆ ಹೀಗೆ ಜಿಗಿಯುವುದಿಲ್ಲ. ನಮ್ಮ ಏಳು ಆರಿಹೋಗಿದೆ. ಪಕ್ಕದಲ್ಲೇ ಬೇರೊಂದು ಹೊತ್ತಿಕೊಂಡಿದೆ. ಅದಕ್ಕೇ ಏಳು ಎಂದು ಹಣೆಪಟ್ಟಿ ಹಚ್ಚಿದ್ದಾರೆ. ಸಿಕ್ಕಿಬಿದ್ದರು ಮಹಾಶಯರು.

ಮಾರ್ಚ್ 10, ರಾತ್ರಿ 11.50

ಆ ಗುರುತು ಹಾಕಿದ್ದು ಯಾರೆಂದು ದಾಖಲೆ ತೆಗೆದೆ. ನನ್ನ ಲಾಗಿನ್. ಹೆರಿಗೆಯಾದ ಒಂಬತ್ತನೇ ದಿನ, ಬೆಳಗಿನ ಜಾವ ನಾಲ್ಕು. "ಏಳು ಸಿಕ್ಕಿತು ಸರ್" ಎಂದು ನನ್ನದೇ ಮೇಲ್ ಬೇರೆ. ಒಂದಿಷ್ಟೂ ನೆನಪಿಲ್ಲ. ಜಾಗ ನೋಡಿದ್ದೇನೆ, ವೇಗ ನೋಡಿಲ್ಲ. ಅವರು ನನ್ನನ್ನು ನಂಬಿದರು. ನಾನು ಅವರನ್ನು...

ಗೈಡ್ ಟೆಲಿಸ್ಕೋಪ್ ಕೇಂದ್ರದಲ್ಲಿದ್ದಾರೆ. ಅಲೆಗೆ ಅಡ್ಡಿಯಾಗುತ್ತದೆಂದು ಅಲ್ಲಿ ಮೊಬೈಲ್ ಗೇಟಿನಲ್ಲೇ ಆರಿಸಿಡಬೇಕು. ಕಂಟ್ರೋಲ್ ರೂಮಿನ ಫೋನ್ ಒಂದೇ ಸಮನೆ ಎಂಗೇಜ್. ಪೇಪರ್ ಕಳಿಸಲು ಕೂತಾಗಲಾದರೂ ಅಲ್ಲಿನ ಕಂಪ್ಯೂಟರಿನಲ್ಲಿ ಮೇಲ್ ನೋಡುತ್ತಾರೆ.

ಸರ್, ಬೇರೆ ಬರೆಯಲು ಕೈ ಓಡುತ್ತಿಲ್ಲ. ಈ ಪುಟಗಳದೇ ಫೋಟೋ ತೆಗೆದು ಮೇಲ್ ಮಾಡುತ್ತಿದ್ದೇನೆ. ಮೇಲಿನದನ್ನೆಲ್ಲ ಓದಿ, ಬೈಯಿರಿ. ಪೇಪರ್ ಮಾತ್ರ ಕಳಿಸಬೇಡಿ. ಬೆಳಗಾಗುವುದರೊಳಗೆ ಅಲ್ಲಿಂದ ಫೋನ್ ಮಾಡಿ. ಎಷ್ಟು ಹೊತ್ತಾದರೂ ಸರಿ, ಎದ್ದೇ ಇರುತ್ತೇನೆ. 'ಕಳಿಸಿಲ್ಲ' ಅನ್ನುವ ಒಂದು ಮಾತು ಸಾಕು ಸರ್, ದಯವಿಟ್ಟು.